‘ನೆರವಾಗಿದ್ದೇನೆ’ ಎಂಬ ಒಂದು ಕ್ರಿಯಾಪದ: ಬಡ್ತಿಯ ಹೊಸ್ತಿಲಲ್ಲಿ ನಿಂತ ಮಹಿಳೆಯೊಬ್ಬರ ಆಪ್ತಸಲಹೆ ಪ್ರಕರಣ

ಸಲಹಾರ್ಥಿಯ ಲಿಖಿತ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಯಸ್ಸು, ಹುದ್ದೆ ಮತ್ತು ಉದ್ಯಮದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಹೆಸರಿನ ಗೊಡವೆಗೆ ಹೋಗದೆ ಅವರನ್ನು ‘ಆಕೆ’ ಎಂದಷ್ಟೇ ಕರೆಯುತ್ತೇನೆ.

ಆಕೆಗೆ 38 ವರ್ಷ. ಯಂತ್ರೋಪಕರಣ ತಯಾರಿಸುವ ಸಂಸ್ಥೆಯೊಂದರ ಸರಬರಾಜು ಯೋಜನೆ ವಿಭಾಗದಲ್ಲಿ 13 ವರ್ಷಗಳಿಂದ ಕೆಲಸ ಮಾಡುತ್ತಿದ್ದರು. ತಂಡದ ಮುಖ್ಯಸ್ಥರ ಹುದ್ದೆ ಎರಡು ಬಾರಿ ತೆರವಾಗಿದ್ದರೂ ಆಕೆ ಅರ್ಜಿ ಹಾಕಿರಲಿಲ್ಲ. ಎರಡನೆಯ ಸಲ ಆ ಹುದ್ದೆಗೆ ಬಂದವರು, ಹೊಸದಾಗಿ ಸೇರಿದಾಗ ಆಕೆಯೇ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ್ದ ಕಿರಿಯ ಸಹೋದ್ಯೋಗಿ. ಈಗ ಆತನೂ ಬೇರೆ ವಿಭಾಗಕ್ಕೆ ಹೊರಟಿದ್ದರಿಂದ ಹುದ್ದೆ ಮೂರನೆಯ ಬಾರಿ ತೆರವಾಗುವುದರಲ್ಲಿತ್ತು. ಅರ್ಜಿ ಸಲ್ಲಿಸಲು ಹತ್ತು ವಾರಗಳಿದ್ದವು. “ನನಗೆ ಆತ್ಮವಿಶ್ವಾಸವೇ ಇಲ್ಲ ಮೇಡಂ, ಹೇಗಾದರೂ ಮಾಡಿ ಅದೊಂದನ್ನು ಬರಿಸಿಕೊಡಿ” ಎಂಬುದು ಆಕೆ ಕುಳಿತ ಕೂಡಲೇ ಆಡಿದ ಮಾತು.

ಹೀಗೆ ಹೇಳಿಕೊಂಡು ಬರುವವರ ಮಾತನ್ನು ನಾನು ಮೊದಲ ದಿನವೇ ಒಪ್ಪಿಕೊಳ್ಳುವುದಿಲ್ಲ, ಏಕೆಂದರೆ ‘ಆತ್ಮವಿಶ್ವಾಸವಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಖಿನ್ನತೆಯಿರಬಹುದು, ಆತಂಕದ ಕಾಯಿಲೆಯಿರಬಹುದು, ಕೆಲಸದ ಜಾಗದಲ್ಲಿ ಯಾರೋ ಕೊಡುತ್ತಿರುವ ಕಿರುಕುಳವೂ ಇರಬಹುದು. ಕಿರುಕುಳವಿದ್ದಲ್ಲಿ ಅದು ದೂರು ಮತ್ತು ಕಾನೂನಿನ ಮೂಲಕ ಬಗೆಹರಿಯಬೇಕಾದ ವಿಷಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂಗೀಕರಿಸಿದ 190ನೆಯ ಒಡಂಬಡಿಕೆ ಇರುವುದೇ ಕೆಲಸದ ಜಗತ್ತಿನ ಹಿಂಸೆ ಮತ್ತು ಕಿರುಕುಳದ ಕುರಿತು. ಅಂಥ ಸಂದರ್ಭದಲ್ಲಿ ನೊಂದವರಿಗೆ ಧೈರ್ಯದ ಪಾಠ ಹೇಳುತ್ತಾ ಕೂರುವುದು ತಪ್ಪನ್ನು ಅವರ ತಲೆಗೇ ಕಟ್ಟಿದಂತೆ. ಆಕೆಯ ವಿಷಯದಲ್ಲಿ ಇವು ಯಾವುವೂ ಇರಲಿಲ್ಲ. ನಿದ್ರೆ, ಊಟ, ಉತ್ಸಾಹ ಎಲ್ಲವೂ ಸರಿಯಾಗಿದ್ದವು. ಸಭೆಯಲ್ಲಿ ಮಾತನಾಡಬೇಕಾಗಿ ಬಂದಾಗ ಮಾತ್ರ ಗಂಟಲು ಕಟ್ಟುತ್ತಿತ್ತು.

ತನಗಿರುವುದು ‘ಇಂಪೋಸ್ಟರ್ ಸಿಂಡ್ರೋಮ್’ (ಸಾಧನೆಯಿದ್ದರೂ ತಾನು ಅದಕ್ಕೆ ಅರ್ಹಳಲ್ಲ, ಎಂದಾದರೊಂದು ದಿನ ಅದು ಬಯಲಾಗುತ್ತದೆ ಎಂಬ ಒಳ ಅಳುಕು) ಎಂದು ಎಲ್ಲಿಯೋ ಓದಿ ಆಕೆ ತಾವೇ ತೀರ್ಮಾನಿಸಿಕೊಂಡಿದ್ದರು. ಪಾಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲಿ ಈ ಅನುಭವವನ್ನು ವಿವರಿಸಿದಾಗ ಅದನ್ನು ರೋಗಲಕ್ಷಣಗಳ ಗುಚ್ಛವೆಂದು ಕರೆಯದೆ ಒಂದು ವಿದ್ಯಮಾನವೆಂದಷ್ಟೇ ಕರೆದಿದ್ದರೆಂದೂ, ಮಾನಸಿಕ ಕಾಯಿಲೆಗಳ ಅಧಿಕೃತ ಪಟ್ಟಿಗಳಲ್ಲಿ ಅದು ಇಲ್ಲವೆಂದೂ ತಿಳಿಸಿದೆ. ಕಾಯಿಲೆಯ ಹೆಸರು ಕೈತಪ್ಪಿದ್ದಕ್ಕೆ ಆಕೆಗೆ ಸ್ವಲ್ಪ ಬೇಸರವೇ ಆದಂತೆ ಕಂಡಿತು. ಹೆಸರೊಂದು ಸಿಕ್ಕರೆ ಅರ್ಧ ಭಾರ ಇಳಿದಂತಾಗುತ್ತದೆ, ನಿಜ. ಆದರೆ ಆ ಹೆಸರು ದೋಷವನ್ನೆಲ್ಲ ವ್ಯಕ್ತಿಯ ಒಳಗೇ ಹುಡುಕುವಂತೆ ಮಾಡಿ, ಆಕೆಯ ಸುತ್ತ ಕೆಲಸ ಹಂಚಿಕೆಯಾಗಿರುವ ರೀತಿಯನ್ನು ಕಣ್ಣಿಂದ ಮರೆಮಾಡುತ್ತದೆ.

ಎರಡನೆಯ ಭೇಟಿಗೆ ಬರುವಾಗ ಅರ್ಜಿಯ ಕರಡನ್ನು ತರಲು ಹೇಳಿದ್ದೆ. ಹದಿನೇಳು ವಾಕ್ಯಗಳ ಒಂದು ಪುಟ. ಪೆನ್ಸಿಲ್ ಕೊಟ್ಟು, ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಮಾತ್ರ ಅಡಿಗೆರೆ ಎಳೆಯಲು ಹೇಳಿದೆ. ಹನ್ನೊಂದು ವಾಕ್ಯಗಳು ‘ನೆರವಾಗಿದ್ದೇನೆ’, ‘ಸಹಕರಿಸಿದ್ದೇನೆ’, ‘ಪಾಲ್ಗೊಂಡಿದ್ದೇನೆ’ ಎಂದು ಮುಗಿದಿದ್ದವು. ನಾಲ್ಕರಲ್ಲಿ ‘ತಯಾರಿಸಲಾಯಿತು’, ‘ಪೂರ್ಣಗೊಳಿಸಲಾಯಿತು’ ಎಂದಿತ್ತು, ಅಂದರೆ ಕೆಲಸ ನಡೆದಿದೆ, ಮಾಡಿದವರು ಯಾರೆಂಬುದು ಇಲ್ಲ. ‘ಮಾಡಿದೆ’ ಎಂದು ನೇರವಾಗಿ ಹೇಳಿದ ವಾಕ್ಯಗಳು ಎರಡೇ ಎರಡು, ಅವುಗಳಲ್ಲೂ ಒಂದು ಪದವಿ ಮುಗಿಸಿದ ಸಂಗತಿ.

‘ಬಿಡಿಭಾಗಗಳ ಕೊರತೆಯ ಸಮಯದಲ್ಲಿ ಪರ್ಯಾಯ ಸರಬರಾಜುದಾರರನ್ನು ಗುರುತಿಸುವಲ್ಲಿ ನೆರವಾಗಿದ್ದೇನೆ’ ಎಂಬ ವಾಕ್ಯದ ಮೇಲೆ ಬೆರಳಿಟ್ಟು, “ಯಾರಿಗೆ ನೆರವಾದಿರಿ?” ಎಂದು ಕೇಳಿದೆ.

ಆಕೆ ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದರು. “ಆಗ ಬೇರೆ ಯಾರೂ ಇರಲಿಲ್ಲ. ನಾನೊಬ್ಬಳೇ ಇದ್ದೆ.”

“ಹಾಗಾದರೆ ಈ ನೆರವು ಪಡೆದವರು ಯಾರು?”

ಆಕೆ ನಕ್ಕುಬಿಟ್ಟರು. ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಆ ಭೇಟಿಯ ಉಳಿದ ಸಮಯವೆಲ್ಲ ಒಂದೇ ವಾಕ್ಯಕ್ಕೆ ಹೋಯಿತು. ಕೊನೆಗೆ ಅದು ಹೀಗಾಯಿತು: ‘11 ವಾರಗಳಲ್ಲಿ 4 ಪರ್ಯಾಯ ಸರಬರಾಜುದಾರರನ್ನು ಗುರುತಿಸಿ, ಮಾದರಿಗಳ ಪರೀಕ್ಷೆ ಮಾಡಿಸಿ, ಒಪ್ಪಂದದ ಕರಾರುಗಳನ್ನು ನಾನೇ ಸಿದ್ಧಪಡಿಸಿದೆ, ಆ ಅವಧಿಯಲ್ಲಿ ಉತ್ಪಾದನೆ ಒಂದು ದಿನವೂ ನಿಲ್ಲಲಿಲ್ಲ.’

“ಇದು ಕೊಚ್ಚಿಕೊಂಡಂತೆ ಆಗುವುದಿಲ್ಲವೇ?” ಎಂಬ ಆಕೆಯ ಪ್ರಶ್ನೆ ನಿರೀಕ್ಷಿತವೇ ಆಗಿತ್ತು. ತನ್ನ ಬಗ್ಗೆ ತಾನು ಹೇಳಿಕೊಳ್ಳುವುದು ಹಗುರತನವೆಂದು ಕೇಳಿಕೊಂಡೇ ಬೆಳೆದವರಿಗೆ, ಲೆಕ್ಕ ಒಪ್ಪಿಸುವುದಕ್ಕೂ ಜಂಬಕ್ಕೂ ನಡುವಿನ ಗೆರೆ ಕಾಣುವುದಿಲ್ಲ. ನಾನು ಕೊಟ್ಟ ಅಳತೆಗೋಲು ಸರಳವಾದದ್ದು: ವಾಕ್ಯದಲ್ಲಿ ‘ಅತ್ಯುತ್ತಮ’, ‘ಪರಿಣಾಮಕಾರಿ’ ಎಂಬಂಥ ವಿಶೇಷಣ ಇರಬಾರದು, ಮತ್ತು ಹೇಳಿದ್ದನ್ನು ಕಡತದಿಂದಲೋ ಮಿಂಚಂಚೆಯಿಂದಲೋ ತೋರಿಸಲು ಬರಬೇಕು. ತಂಡ ಮಾಡಿದ್ದನ್ನು ‘ಮಾಡಿದೆವು’ ಎಂದೇ ಬರೆಯಬೇಕು, ನಿಜವಾಗಿ ನೆರವಾದ ಕಡೆ ‘ನೆರವಾದೆ’ ಎಂದೇ ಉಳಿಸಬೇಕು. ಹೊಸ ಕರಡಿನಲ್ಲಿ ಒಂಬತ್ತು ವಾಕ್ಯಗಳು ‘ನಾನು’ ಎಂದೂ ಐದು ‘ನಾವು’ ಎಂದೂ ನಿಂತವು. ಮೂರು ಕಡೆ ಮಾತ್ರ ‘ನೆರವು’ ಉಳಿಯಿತು.

ಇಲ್ಲಿ ನನ್ನದೊಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಕನ್ನಡಿಯ ಮುಂದೆ ನಿಂತು ‘ನಾನು ಸಮರ್ಥೆ’ ಎಂದು ಹೇಳಿಕೊಳ್ಳುವ ಅಭ್ಯಾಸ ಕೊಡುತ್ತಿದ್ದೆ. ಅದರಿಂದ ಹೆಚ್ಚೇನೂ ಆಗುವುದಿಲ್ಲವೆಂದು ಅನುಭವ ಕಲಿಸಿತು. ಕ್ರಿಸ್ಟೀನ್ ಎಕ್ಸ್‌ಲಿ ಮತ್ತು ಜಡ್ ಕೆಸ್ಲರ್ 2022ರಲ್ಲಿ ಪ್ರಕಟಿಸಿದ ಅಧ್ಯಯನ ಅದರ ಕಾರಣವನ್ನು ಇನ್ನಷ್ಟು ಬಿಡಿಸಿ ತೋರಿಸಿತು. ಗಣಿತ ಮತ್ತು ವಿಜ್ಞಾನದ ಪರೀಕ್ಷೆ ಬರೆದವರಿಗೆ, ಎಷ್ಟು ಉತ್ತರ ಸರಿಯಿದ್ದವೆಂದು ಮೊದಲೇ ತಿಳಿಸಿ ತಮ್ಮ ಸಾಧನೆಯನ್ನು ಬಣ್ಣಿಸಲು ಕೇಳಿದಾಗಲೂ, ಅಷ್ಟೇ ಅಂಕ ಪಡೆದ ಪುರುಷರಿಗಿಂತ ಮಹಿಳೆಯರು ತಮ್ಮನ್ನು ಕಡಿಮೆಯಾಗಿಯೇ ಬಣ್ಣಿಸಿಕೊಂಡರು. ತನ್ನ ಅಂಕ ತನಗೆ ಗೊತ್ತಿದ್ದೂ ಹೇಳಿಕೊಳ್ಳುವಾಗ ಮಾತು ತಗ್ಗುವುದಾದರೆ, ‘ನೀವು ಸಮರ್ಥರು’ ಎಂದು ಹೊರಗಿನಿಂದ ಹೇಳಿ ಏನು ಪ್ರಯೋಜನ? ತಿದ್ದಬೇಕಾದದ್ದು ಹೇಳುವ ಬಗೆಯನ್ನು. ಅದಕ್ಕೇ ಪೆನ್ಸಿಲ್.

ಮೂರನೆಯ ಭೇಟಿಯಿಂದ ಎರಡು ವಾರ ಆಕೆ ಒಂದು ಪುಟ್ಟ ನೋಟುಪುಸ್ತಕದಲ್ಲಿ ತಮ್ಮ ಕೆಲಸದ ಗಂಟೆಗಳನ್ನು ಎರಡು ಕಲಮುಗಳಲ್ಲಿ ಬರೆದಿಟ್ಟರು. ಬಡ್ತಿಯ ಸಂದರ್ಭದಲ್ಲಿ ಯಾರಾದರೂ ಎಣಿಸುವಂಥ ಕೆಲಸ ಒಂದು ಕಡೆ, ಆಗದಿದ್ದರೆ ಎಲ್ಲರೂ ಗೊಣಗುವ, ಆದಾಗ ಯಾರೂ ಎಣಿಸದ ಕೆಲಸ ಇನ್ನೊಂದು ಕಡೆ. ವಾರಕ್ಕೆ ಸರಾಸರಿ ಹನ್ನೆರಡು ಗಂಟೆ ಎರಡನೆಯ ಕಲಮಿಗೆ ಹೋಗುತ್ತಿತ್ತು: ಹೊಸಬರಿಗೆ ಕೆಲಸ ಕಲಿಸುವುದು, ಬೀಳ್ಕೊಡುಗೆಯ ಏರ್ಪಾಡು, ಇತರರ ವರದಿಗಳ ಭಾಷೆ ತಿದ್ದುವುದು, ಎಲ್ಲಕ್ಕಿಂತ ಮುಖ್ಯವಾಗಿ ವಾರದ ಸಭೆಯ ನಡಾವಳಿ ಬರೆಯುವುದು. ಆರು ವರ್ಷಗಳಿಂದ ನಡಾವಳಿ ಆಕೆಯದೇ. ಅದಕ್ಕಾಗಿ ಮೇಜಿನ ತುದಿಯಲ್ಲಿ, ಬಾಗಿಲ ಪಕ್ಕದಲ್ಲಿ ಕೂರುತ್ತಿದ್ದರು. ಎಲ್ಲರ ಮಾತನ್ನೂ ಬರೆದುಕೊಳ್ಳುವವರು ತಾವು ಮಾತನಾಡುವುದು ಯಾವಾಗ? ಗಂಟಲು ಕಟ್ಟುವುದಕ್ಕೆ ಆಕೆ ಬಾಲ್ಯದಲ್ಲಿ ಕಾರಣ ಹುಡುಕುತ್ತಿದ್ದರು. ಅರ್ಧ ಕಾರಣ ಆ ಕುರ್ಚಿಯಲ್ಲೇ ಇತ್ತು.

ಇದು ಆಕೆಯೊಬ್ಬರ ಸ್ವಭಾವದೋಷವಲ್ಲ ಎಂಬುದಕ್ಕೆ ಲಿಂಡಾ ಬ್ಯಾಬ್‌ಕಾಕ್, ಮರಿಯಾ ರೆಕಾಲ್ಡೆ, ಲೀಸೆ ವೆಸ್ಟರ್‌ಲುಂಡ್ ಮತ್ತು ಲಾರೀ ವೈನ್‌ಗಾರ್ಟ್ 2017ರಲ್ಲಿ ಪ್ರಕಟಿಸಿದ ಪ್ರಯೋಗಗಳ ಉದಾಹರಣೆ ಕೊಟ್ಟೆ. ಯಾರಾದರೊಬ್ಬರು ಮಾಡಲೇಬೇಕಾದ, ಆದರೆ ಮಾಡಿದವರಿಗೆ ಲಾಭ ಕಡಿಮೆಯಿರುವ ಕೆಲಸಕ್ಕೆ ಗಂಡಸರೂ ಹೆಂಗಸರೂ ಇದ್ದ ಗುಂಪುಗಳಲ್ಲಿ ಮಹಿಳೆಯರು ಮುಂದೆ ಬಂದದ್ದು ಪುರುಷರಿಗಿಂತ ಶೇಕಡ 48ರಷ್ಟು ಹೆಚ್ಚು. ಆದರೆ ಮಹಿಳೆಯರೇ ಇದ್ದ ಗುಂಪಿಗೂ ಪುರುಷರೇ ಇದ್ದ ಗುಂಪಿಗೂ ಹೋಲಿಸಿದಾಗ ಈ ಅಂತರ ಕಾಣಲಿಲ್ಲ. ಮಹಿಳೆಯರು ಮಾಡಿಯೇ ಮಾಡುತ್ತಾರೆಂಬ ನಿರೀಕ್ಷೆ ಆ ಕೋಣೆಯಲ್ಲಿದ್ದವರೆಲ್ಲರದೂ ಆಗಿರುತ್ತದೆ, ಸ್ವತಃ ಮಹಿಳೆಯರದೂ ಸಹ.

ಹಾಗೆಂದು ‘ನಾಳೆಯಿಂದ ಖಡಾಖಂಡಿತವಾಗಿ ಇಲ್ಲ ಎನ್ನಿ’ ಎಂದು ನಾನು ಸಲಹೆ ಕೊಡಲಿಲ್ಲ. ತನಗಾಗಿ ಕೇಳುವ ಮಹಿಳೆಯ ಬಗ್ಗೆ ಎದುರಿನವರ ಅಭಿಪ್ರಾಯ ಕೆಡುವುದುಂಟು. ಸಂಬಳದ ಚೌಕಾಶಿಯ ವಿಷಯದಲ್ಲಿ ಇದು 2007ರ ಪ್ರಯೋಗಗಳಲ್ಲೇ ದಾಖಲಾಗಿದೆ. ಆ ದಂಡವನ್ನು ತೆರಬೇಕಾದವರು ಆಕೆ, ನಾನಲ್ಲ. ಆದ್ದರಿಂದ ನಿರಾಕರಣೆಯ ಬದಲು ಸರದಿಯನ್ನು ಕೇಳುವುದೆಂದು ನಿರ್ಧರಿಸಿದೆವು. “ಆರು ವರ್ಷಗಳಿಂದ ನಡಾವಳಿ ನಾನೇ ಬರೆಯುತ್ತಿದ್ದೇನೆ ಸರ್. ಮುಂದಿನ ತಿಂಗಳಿನಿಂದ ಏಳು ಜನರೂ ಸರದಿಯಂತೆ ಬರೆದರೆ ಎಲ್ಲರಿಗೂ ವಿಭಾಗದ ಪೂರ್ತಿ ಚಿತ್ರ ಸಿಗುತ್ತದೆ” ಎಂಬ ಮಾತನ್ನು ನನ್ನ ಕೋಣೆಯಲ್ಲಿ ನಾಲ್ಕು ಬಾರಿ ಆಡಿಸಿದೆ, ಪ್ರತಿ ಸಲವೂ ವ್ಯವಸ್ಥಾಪಕರ ಪಾತ್ರ ನನ್ನದು. “ನಿಮ್ಮಷ್ಟು ಅಚ್ಚುಕಟ್ಟಾಗಿ ಬೇರೆ ಯಾರು ಬರೆಯುತ್ತಾರೆ?” ಎಂಬ ಉತ್ತರ ಬರುತ್ತದೆಂದು ಮೊದಲೇ ಎಚ್ಚರಿಸಿದ್ದೆ. ಬಂದದ್ದೂ ಅದೇ. ಕಟ್ಟಿಹಾಕುವ ಹೊಗಳಿಕೆ ಅದು. “ಮಾದರಿಯೊಂದನ್ನು ಮಾಡಿಕೊಡುತ್ತೇನೆ ಸರ್, ಮೊದಲ ಎರಡು ಸಲ ನೋಡಿಯೂ ಕೊಡುತ್ತೇನೆ” ಎಂದು ಆಕೆ ಉತ್ತರಿಸಿದಾಗ ಅವರಿಗೆ ಬೇಡವೆನ್ನಲು ಕಾರಣ ಸಿಗಲಿಲ್ಲ.

ಕುರ್ಚಿ ಬದಲಾದ ಮೇಲೆ ಮಾತಿನ ಸರದಿ. ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಸ್ವಸಾಮರ್ಥ್ಯ ನಂಬಿಕೆಯ ಸಿದ್ಧಾಂತದಲ್ಲಿ, ಆ ನಂಬಿಕೆ ಹುಟ್ಟುವ ನಾಲ್ಕು ಮೂಲಗಳಿವೆ: ಸ್ವತಃ ಮಾಡಿ ಗೆದ್ದದ್ದು, ತನ್ನಂಥವರು ಮಾಡಿದ್ದನ್ನು ಕಂಡದ್ದು, ಇತರರು ಹುರಿದುಂಬಿಸಿದ್ದು, ಮತ್ತು ಆ ಹೊತ್ತಿನ ದೇಹಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಬಲವಾದದ್ದು. ಧೈರ್ಯ ಬಂದ ಮೇಲೆ ಮಾತನಾಡುತ್ತೇನೆ ಎಂದು ಕಾಯುವುದು ಈಜು ಬಂದ ಮೇಲೆ ನೀರಿಗಿಳಿಯುತ್ತೇನೆ ಎಂದಂತೆ ಎಂದು ಆಕೆಗೆ ಹೇಳಿದೆ. ಸಭೆ ಆರಂಭವಾದ ಹತ್ತು ನಿಮಿಷದೊಳಗೆ, ಒಂದು ಅಂಕಿಯಿರುವ ಒಂದೇ ವಾಕ್ಯ ಆಡುವುದು ಆಕೆಗೆ ಕೊಟ್ಟ ಅಭ್ಯಾಸ. ಹೊತ್ತು ಹೋದಷ್ಟೂ ‘ಇಷ್ಟು ಹೊತ್ತಾದ ಮೇಲೆ ಮಾತಾಡುವುದಾದರೆ ಭಾರವಾದದ್ದನ್ನೇ ಆಡಬೇಕು’ ಎಂಬ ಒತ್ತಡ ಬೆಳೆಯುತ್ತದೆ, ಆದ್ದರಿಂದಲೇ ಸಮಯದ ಮಿತಿ.

ಮೊದಲ ಪ್ರಯತ್ನ ಕೆಟ್ಟಿತು. ಅರ್ಧ ವಾಕ್ಯವಾಗುವಷ್ಟರಲ್ಲಿ ಸಹೋದ್ಯೋಗಿಯೊಬ್ಬರು ನಡುವೆ ಬಾಯಿ ಹಾಕಿದರು, ಆಕೆ ಸುಮ್ಮನಾದರು, ಅದೇ ಮಾತನ್ನು ಐದು ನಿಮಿಷದ ನಂತರ ಆ ಸಹೋದ್ಯೋಗಿ ತಮ್ಮದೆಂಬಂತೆ ಆಡಿದರು. “ನೋಡಿದಿರಾ, ನನ್ನಿಂದಾಗುವುದಿಲ್ಲ ಎಂದಿದ್ದೆನಲ್ಲ” ಎಂದು ಆಕೆ ಬಂದು ಕುಳಿತಾಗ ತಪ್ಪು ನನ್ನದೆಂದು ಹೇಳಿದೆ. ಮಾತನಾಡುವುದನ್ನು ಕಲಿಸಿ, ಮಾತು ಕತ್ತರಿಸಿದರೆ ಏನು ಮಾಡಬೇಕೆಂದು ನಾನು ಕಲಿಸಿರಲಿಲ್ಲ. “ಒಂದು ನಿಮಿಷ, ನನ್ನ ವಾಕ್ಯ ಮುಗಿಸುತ್ತೇನೆ” ಎಂಬ ಮಾತನ್ನು, ದನಿ ಏರಿಸದೆ, ಕ್ಷಮೆ ಕೇಳದೆ ಆಡುವ ಅಭ್ಯಾಸ ಆ ದಿನ ಮಾಡಿದೆವು. ಜೊತೆಗೆ, ನಂಬಿಕೆಯ ಸಹೋದ್ಯೋಗಿಯೊಬ್ಬರನ್ನು ಮೊದಲೇ ಕಂಡು, “ನನ್ನ ಮಾತು ತುಂಡಾದರೆ ‘ಅವರು ಹೇಳುತ್ತಿದ್ದದ್ದು ಮುಗಿಯಲಿ’ ಎಂದುಬಿಡಿ” ಎಂದು ಕೇಳಿಕೊಳ್ಳಲು ಸೂಚಿಸಿದೆ. ಮುಂದಿನ ಐದು ಸಭೆಗಳಲ್ಲಿ ನಾಲ್ಕರಲ್ಲಿ ಆಕೆ ಮಾತನಾಡಿದರು.

ಆಕೆ ಅರ್ಜಿ ಸಲ್ಲಿಸಿದರು, ಸಂದರ್ಶನಕ್ಕೂ ಹೋದರು, ಹುದ್ದೆ ಹೊರಗಿನಿಂದ ಬಂದವರೊಬ್ಬರಿಗೆ ಹೋಯಿತು. ಆ ವಾರದ ಭೇಟಿ ಕಷ್ಟದ್ದಾಗಿತ್ತು. ಸಮಾಧಾನ ಹೇಳುವ ಬದಲು, ಆಯ್ಕೆಯಾಗದಿರಲು ಕಾರಣವನ್ನು ಬರವಣಿಗೆಯಲ್ಲಿ ಕೇಳುವಂತೆ ಸಲಹೆ ಕೊಟ್ಟೆ. ‘ಇನ್ನಷ್ಟು ಮುಂದಾಳುತನ ತೋರಿಸಬೇಕಿತ್ತು’ ಎಂಬಂಥ ಹಾರಿಕೆಯ ಉತ್ತರ ಬಂದರೆ, ಯಾವ ಕೆಲಸದಲ್ಲಿ, ಯಾವ ಅಳತೆಯಲ್ಲಿ ಎಂದು ಮತ್ತೆ ಕೇಳಬೇಕೆಂದೂ ತಿಳಿಸಿದೆ. ಮೊದಲ ಉತ್ತರ ಹಾರಿಕೆಯದೇ ಆಗಿತ್ತು. ಎರಡನೆಯದರಲ್ಲಿ ನಿಜವಾದ ಕಾರಣವಿತ್ತು: ಆಕೆಗೆ ಬಜೆಟ್ ನಿರ್ವಹಿಸಿದ ಅನುಭವವಿಲ್ಲ. ಆಕೆ ಅದನ್ನೇ ಹಿಡಿದು, ಮುಂದಿನ ಆರು ತಿಂಗಳ ಖರೀದಿ ಬಜೆಟ್ಟಿನ ಹೊಣೆ ತಮಗೆ ಕೊಡಬೇಕೆಂದು ಕೇಳಿ ಪಡೆದರು.

ಒಂಬತ್ತನೆಯ ಭೇಟಿ ನಡೆದದ್ದು ಆ ಹೊಣೆ ವಹಿಸಿಕೊಂಡು ಎರಡು ತಿಂಗಳಾದ ಮೇಲೆ. ಮಿಂಚಂಚೆ ಕಳಿಸುವ ಮುನ್ನ ಈಗಲೂ ಮೂರು ಸಲ ಓದುತ್ತಾರಂತೆ, ಗಂಟಲೂ ಕೆಲವೊಮ್ಮೆ ಕಟ್ಟುತ್ತದಂತೆ. ನಡಾವಳಿಯ ಸರದಿ ಏಳು ವಾರಕ್ಕೊಮ್ಮೆ ಬರುತ್ತದೆ. ಹಿಂದಿನ ವಾರ ಅದನ್ನು ಬರೆದವರು ಸ್ವತಃ ವ್ಯವಸ್ಥಾಪಕರು. ಆ ಪುಟದ ಪ್ರತಿಯನ್ನು ಆಕೆ ನನಗೆ ತೋರಿಸಲೆಂದೇ ತಂದಿದ್ದರು. ಬಜೆಟ್ಟಿನ ಅಂಕಿಗಳ ಮುಂದೆ ಆಕೆಯ ಹೆಸರು, ಅದರ ಮುಂದೆ ‘ವಿವರಿಸಿದರು’ ಎಂಬ ಕ್ರಿಯಾಪದ, ಅದರ ಕೆಳಗೆ ಪೆನ್ಸಿಲಿನ ಒಂದು ಗೆರೆ.