ವರದಿ ನೆಗೆಟಿವ್ ಬಂದಿದೆ ಸರಿ, ಆದರೆ ಯಾರ ವರದಿ?

ವಂಶಪಾರಂಪರ್ಯ ಕ್ಯಾನ್ಸರ್ ಕುರಿತು ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ನಾಲ್ಕೈದು ಪ್ರಶ್ನೆಗಳ ಸುತ್ತಲೇ ಇರುತ್ತವೆ. ಜೀನ್ ಎಂದರೇನು ಎಂಬ ಪಾಠ ಶಾಲೆಯ ಪುಸ್ತಕದಲ್ಲಿದೆ. ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ನನಗೆ 34 ವರ್ಷ. ಅಮ್ಮ 46ನೇ ವಯಸ್ಸಿನಲ್ಲಿ ಗರ್ಭಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಚಿಕ್ಕಮ್ಮ 41ರಲ್ಲಿ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಈಗ ಆರೋಗ್ಯವಾಗಿದ್ದಾರೆ. ನಾನು ಕಿಟ್ ತರಿಸಿ ಎಂಜಲಿನ ಪರೀಕ್ಷೆ ಮಾಡಿಸಿದೆ. ಬಿಆರ್‌ಸಿಎ (ದೋಷವಿದ್ದರೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಜೀನ್‌ಗಳು) ನೆಗೆಟಿವ್ ಎಂದು ಬಂದಿದೆ. ಇನ್ನು ನಿಶ್ಚಿಂತೆಯಿಂದ ಇರಬಹುದಲ್ಲವೆ? (ಹೆಸರು ಬೇಡ, ಹಾಸನ)

ಉತ್ತರ: ಇರುವಂತಿಲ್ಲ. ನೀವು ಹಣ ಕೊಟ್ಟು ಪಡೆದದ್ದು ಅರ್ಧ ಉತ್ತರ, ಅದೂ ತಪ್ಪು ವ್ಯಕ್ತಿಯನ್ನು ಪರೀಕ್ಷಿಸಿ ಪಡೆದದ್ದು.

ಮೊದಲಿಗೆ ನಿಮ್ಮ ಪತ್ರದ ಒಂದು ಪದದ ಬಗ್ಗೆ ಹೇಳಬೇಕು. ನಮ್ಮ ಮನೆಗಳಲ್ಲಿ ‘ಗರ್ಭಕೋಶದ ಕ್ಯಾನ್ಸರ್’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ರೋಗಗಳು ಸೇರಿಕೊಂಡಿರುತ್ತವೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಬಹುಪಾಲು ಎಚ್‌ಪಿವಿ ವೈರಸ್ ಕಾರಣವಾಗಿದ್ದು, ಅದಕ್ಕೂ ಬಿಆರ್‌ಸಿಎಗೂ ಸಂಬಂಧವಿಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಇದ್ದರೆ, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ, ನಾವು ಲಿಂಚ್ ಸಿಂಡ್ರೋಮ್ ಎಂಬ, ಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ತರುವ ಬೇರೊಂದು ವಂಶಪಾರಂಪರ್ಯ ದೋಷದ ದಾರಿಯಲ್ಲಿ ಹುಡುಕುತ್ತೇವೆ. ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಮಾತ್ರ ಬಿಆರ್‌ಸಿಎ ಮೊದಲಿಗೆ ನೆನಪಾಗುತ್ತದೆ. ಆದ್ದರಿಂದ ಅಮ್ಮನ ಬಯಾಪ್ಸಿ ವರದಿ ಮತ್ತು ಆಸ್ಪತ್ರೆಯ ಡಿಸ್‌ಚಾರ್ಜ್ ಕಾಗದಗಳನ್ನು ಹುಡುಕಿಸಿ. ಅವರ ಗಡ್ಡೆಯ ತುಣುಕನ್ನು ಆಸ್ಪತ್ರೆಯವರು ಮೇಣದ ಬ್ಲಾಕಿನಲ್ಲಿ ಇನ್ನೂ ಇಟ್ಟಿದ್ದರೆ ಕೆಲವೊಮ್ಮೆ ಅದರಿಂದಲೂ ಪರೀಕ್ಷೆ ಸಾಧ್ಯವಾಗುತ್ತದೆ.

ಈಗ ಮುಖ್ಯ ವಿಷಯ. ಪರೀಕ್ಷೆ ಆರಂಭವಾಗಬೇಕಾದದ್ದು ಕ್ಯಾನ್ಸರ್ ಬಂದವರಿಂದ, ಅಂದರೆ ನಿಮ್ಮ ಚಿಕ್ಕಮ್ಮನಿಂದ. ಅವರ ರಕ್ತದಲ್ಲಿ ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಜೀನಿನ ಹಾನಿಕಾರಕ ರೂಪಾಂತರವೊಂದು ಸಿಕ್ಕರೆ, ನಿಮ್ಮಲ್ಲಿ ಅದೊಂದನ್ನೇ ಹುಡುಕಬಹುದು. ಅದು ನಿಮ್ಮಲ್ಲಿ ಇಲ್ಲವೆಂದಾದರೆ ಆ ನೆಗೆಟಿವ್‌ಗೆ ಬೆಲೆಯಿದೆ, ನಿಮ್ಮ ಅಪಾಯ ಬಹುಮಟ್ಟಿಗೆ ಉಳಿದ ಹೆಂಗಸರಷ್ಟೇ ಎಂದು ನಾನೂ ಹೇಳಿಯೇನು. ಚಿಕ್ಕಮ್ಮನಲ್ಲಿ ಏನಿದೆಯೆಂದು ತಿಳಿಯದೆ ನಿಮ್ಮಲ್ಲಿ ಏನೂ ಸಿಗಲಿಲ್ಲವೆಂದರೆ, ದೋಷ ನಿಮಗೆ ಬಂದಿಲ್ಲವೋ, ನಿಮ್ಮ ಪರೀಕ್ಷೆಗೆ ಅದು ಕಾಣಲಿಲ್ಲವೋ, ಅಥವಾ ಅದು ಪಿಎಎಲ್‌ಬಿ2ನಂತಹ ಬೇರೊಂದು ಜೀನಿನಲ್ಲಿದೆಯೋ ಹೇಳಲು ಬರುವುದಿಲ್ಲ. ಚಿಕ್ಕಮ್ಮನ ಪೂರ್ಣ ಪರೀಕ್ಷೆಯಲ್ಲೂ ಏನೂ ಸಿಗದಿದ್ದರೆ, ಮನೆತನದ ಇತಿಹಾಸವನ್ನೇ ಆಧಾರವಾಗಿಟ್ಟುಕೊಂಡು ನಿಮ್ಮ ತಪಾಸಣೆಯನ್ನು ನಿಗದಿಮಾಡಬೇಕಾಗುತ್ತದೆ.

ಕಿಟ್ ಬಗ್ಗೆಯೂ ಒಂದು ಮಾತು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮನೆಯಲ್ಲೇ ಮಾಡಿಕೊಳ್ಳುವ ಒಂದು ಬಿಆರ್‌ಸಿಎ ಪರೀಕ್ಷೆಗೆ ಅನುಮತಿ ಕೊಟ್ಟಿತು. ಅದು ನೋಡುತ್ತಿದ್ದದ್ದು ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಹೆಚ್ಚಾಗಿ ಕಾಣುವ ಮೂರೇ ಮೂರು ರೂಪಾಂತರಗಳನ್ನು. ಈ ಎರಡು ಜೀನ್‌ಗಳಲ್ಲಿ ಹಾನಿಕಾರಕವೆಂದು ಗೊತ್ತಿರುವ ರೂಪಾಂತರಗಳು ಸಾವಿರಗಟ್ಟಲೆ. ನಿಮ್ಮ ಕಿಟ್ ಎಷ್ಟನ್ನು ನೋಡಿತು, ಜೀನಿನ ದೊಡ್ಡ ತುಂಡೇ ಕಾಣೆಯಾಗಿದ್ದರೆ ಅದನ್ನು ಗುರುತಿಸುತ್ತದೆಯೆ ಎಂಬುದನ್ನು ವರದಿಯ ಸಣ್ಣ ಅಕ್ಷರಗಳಲ್ಲಿ ಓದಿ ನೋಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಬಿಆರ್‌ಸಿಎ1 ದೋಷವಿರುವ 100 ಮಹಿಳೆಯರಲ್ಲಿ 80 ವರ್ಷದೊಳಗೆ ಸುಮಾರು 72 ಮಂದಿಗೆ ಸ್ತನ ಕ್ಯಾನ್ಸರ್, 44 ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರುವ ಸಂಭವವಿದೆ. ಬಿಆರ್‌ಸಿಎ2ರಲ್ಲಿ ಈ ಸಂಖ್ಯೆಗಳು 69 ಮತ್ತು 17. ಸ್ತನವನ್ನು 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಮ್ಯಾಮೊಗ್ರಾಂ ಮೂಲಕ ಕಾಯಬಹುದು. ಅಂಡಾಶಯಕ್ಕೆ ಅಂಥ ನಂಬಬಹುದಾದ ತಪಾಸಣೆಯಿಲ್ಲ, ಸ್ಕ್ಯಾನ್ ಮತ್ತು ಸಿಎ-125 ರಕ್ತಪರೀಕ್ಷೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದಲೇ ದೋಷ ಖಚಿತವಾದವರಿಗೆ ಮಕ್ಕಳಾದ ಮೇಲೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸುವ ಸಲಹೆ ಕೊಡುತ್ತೇವೆ: ಬಿಆರ್‌ಸಿಎ1ಕ್ಕೆ 35ರಿಂದ 40ರೊಳಗೆ, ಬಿಆರ್‌ಸಿಎ2ಕ್ಕೆ 40ರಿಂದ 45ರೊಳಗೆ.

ಮಗಳ ಮದುವೆ ಆಗುವವರೆಗೆ ಈ ವಿಷಯ ಎತ್ತಬಾರದೆಂದು ಚಿಕ್ಕಮ್ಮ ಹೇಳಿದ್ದಾರೆಂದೂ ನೀವು ಬರೆದಿದ್ದೀರಿ. ನನ್ನ ಕೋಣೆಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಜೀನ್‌ಗಳಲ್ಲ, ಇದೇ ಮಾತು. ಅವರನ್ನು ಒತ್ತಾಯಿಸಲು ಯಾರಿಗೂ ಹಕ್ಕಿಲ್ಲ, ಆದರೆ ಮುಚ್ಚಿಟ್ಟದ್ದರಿಂದ ಆ ಮಗಳಿಗೇ ನಷ್ಟವಾಗಬಹುದು ಎಂಬುದನ್ನು ಒಬ್ಬ ಜೆನೆಟಿಕ್ ಕೌನ್ಸೆಲರ್ ಎದುರು ಕುಳಿತು ಅವರು ಒಮ್ಮೆ ಕೇಳಲಿ. ಜೊತೆಗೆ ನೀವೂ ಹೋಗಿ. ಹೋಗುವಾಗ ಮೂರು ತಲೆಮಾರಿನಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಯಾವ ವಯಸ್ಸಿನಲ್ಲಿ ಬಂತೆಂದು ಹಾಳೆಯೊಂದರಲ್ಲಿ ಬರೆದುಕೊಳ್ಳಿ.

ಪ್ರಶ್ನೆ: ಇಬ್ಬರು ಸೋದರತ್ತೆಯರಿಗೆ ಸ್ತನ ಕ್ಯಾನ್ಸರ್ ಬಂದಿದೆ. ತಂದೆ ಆರೋಗ್ಯವಾಗಿದ್ದಾರೆ. ತಂದೆಯ ಕಡೆಯದು ನನಗೆ ಬರುವುದಿಲ್ಲವಲ್ಲ?

ಉತ್ತರ: ಬರಬಹುದು. ತಂದೆಯಲ್ಲಿ ದೋಷವಿದ್ದರೆ ಮಗನಿಗಾಗಲಿ ಮಗಳಿಗಾಗಲಿ ಬರುವ ಸಂಭವ ಅರ್ಧಕ್ಕರ್ಧ. ಇದನ್ನು ಎಷ್ಟನೆಯ ಬಾರಿ ಬರೆಯುತ್ತಿದ್ದೇನೋ ಲೆಕ್ಕವಿಟ್ಟಿಲ್ಲ.

ಪ್ರಶ್ನೆ: ಜೀನ್ ಶುದ್ಧಿ ಮಾಡುವ ಕಷಾಯವನ್ನು 48 ದಿನ ಕುಡಿದರೆ ವಂಶದ ಕ್ಯಾನ್ಸರ್ ತಪ್ಪುತ್ತದೆ ಎನ್ನುತ್ತಾರೆ. ನಿಜವೆ?

ಉತ್ತರ: ಸುಳ್ಳು, ಮಾರುವವರಿಗೂ ಅದು ಗೊತ್ತಿದೆ.

ಪ್ರಶ್ನೆ: ನನಗೆ ಬಿಆರ್‌ಸಿಎ2 ದೋಷವಿದೆ. ಸೋದರಮಾವನೊಂದಿಗೆ ಮದುವೆ ಮಾತಾಗಿದೆ. ಮಕ್ಕಳಿಗೆ ತೊಂದರೆಯೆ?

ಉತ್ತರ: ನಿಮ್ಮ ದೋಷ ಮಗುವಿಗೆ ಬರುವ ಸಂಭವ ಯಾರನ್ನು ಮದುವೆಯಾದರೂ ಅರ್ಧದಷ್ಟೇ. ಆದರೆ ಸೋದರಮಾವನಲ್ಲೂ ಅದೇ ದೋಷವಿರುವ ಸಂಭವ ಹೊರಗಿನವರಿಗಿಂತ ಬಹಳ ಹೆಚ್ಚು, ಮತ್ತು ಇಬ್ಬರಿಂದಲೂ ಅದನ್ನು ಪಡೆದ ಮಗುವಿಗೆ ಫ್ಯಾಂಕೋನಿ ಅನೀಮಿಯಾ ಎಂಬ, ಅಸ್ಥಿಮಜ್ಜೆ ಸೋಲುವ ಗಂಭೀರ ಕಾಯಿಲೆ ಬರಬಹುದು. ನಿಶ್ಚಿತಾರ್ಥಕ್ಕೆ ಮೊದಲೇ ಅವರ ಪರೀಕ್ಷೆ ಆಗಲಿ.

ಪ್ರಶ್ನೆ: ನನ್ನ ವರದಿಯಲ್ಲಿ ‘ವಿಯುಎಸ್’ ಎಂದಿದೆ. ಅಂಡಾಶಯ ತೆಗೆಸಿಬಿಡಿ ಎಂದು ಒಬ್ಬರು ಹೇಳಿದರು.

ಉತ್ತರ: ತೆಗೆಸಬೇಡಿ. ಆ ಮೂರಕ್ಷರದ ಅರ್ಥ, ಈ ರೂಪಾಂತರ ಕೆಟ್ಟದ್ದೋ ನಿರುಪದ್ರವಿಯೋ ಇನ್ನೂ ತೀರ್ಮಾನವಾಗಿಲ್ಲ ಎಂದಷ್ಟೇ. ಭಾರತೀಯರ ಜೀನ್ ಮಾಹಿತಿ ಜಗತ್ತಿನ ದತ್ತಾಂಶ ಸಂಗ್ರಹಗಳಲ್ಲಿ ಕಡಿಮೆಯಿರುವುದರಿಂದ ನಮ್ಮವರಿಗೆ ಈ ಉತ್ತರ ಹೆಚ್ಚಾಗಿ ಬರುತ್ತದೆ. ಮುಂದೆ ತೀರ್ಮಾನವಾದಾಗ ಇವುಗಳಲ್ಲಿ ಬಹುಪಾಲು ನಿರುಪದ್ರವಿ ಎಂದೇ ಹೊರಬೀಳುತ್ತವೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಪ್ರಯೋಗಾಲಯವನ್ನು ಕೇಳುತ್ತಿರಿ, ಅಲ್ಲಿಯವರೆಗೆ ನಿಮ್ಮ ತಪಾಸಣೆ ಮನೆತನದ ಇತಿಹಾಸದ ಪ್ರಕಾರ ನಡೆಯಲಿ.