ಬಿಳಿಚಿಕೊಂಡ ಹಾವಿನ ಮರಿ: ಬಣ್ಣ ಬಿಡಿ, ತೂಕ ಹೇಳಿ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗಾಗಿ ತಂದ ಎರಡು ತಿಂಗಳ ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಸಣ್ಣ ಜಾತಿಯ ಹೆಬ್ಬಾವು) ಮರಿ ನಾಲ್ಕು ದಿನಗಳಿಂದ ಬಿಳಿಚಿಕೊಂಡಿದೆ. ಹೊಟ್ಟೆ ಗುಲಾಬಿಯಾಗಿದೆ, ಕಣ್ಣಿಗೆ ಪೊರೆ ಬಂದಂತಿದೆ, ಆಹಾರ ಮುಟ್ಟುತ್ತಿಲ್ಲ. ಇದು ರಕ್ತಹೀನತೆಯೇ? ಪರಿಚಯದವರೊಬ್ಬರು ಮೈಗೆ ಕೊಬ್ಬರಿ ಎಣ್ಣೆ ಸವರಿ, ವಿಟಮಿನ್ ಹನಿ ಕುಡಿಸಲು ಹೇಳಿದ್ದಾರೆ.

ಉತ್ತರ: ಚಳಿಗಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ, ಜೊತೆಗೆ ಮಬ್ಬು ಬೆಳಕಿನಲ್ಲಿ ತೆಗೆದ ಫೋಟೊ ಇರುತ್ತದೆಯೇ ಹೊರತು ಮರಿಯ ತೂಕ ಇರುವುದಿಲ್ಲ. ನೀವು ವರ್ಣಿಸಿರುವುದು ಕಾಯಿಲೆಯಲ್ಲ, ಪೊರೆ ಕಳಚುವ ಸಿದ್ಧತೆ. ಹಳೆಯ ಚರ್ಮಕ್ಕೂ ಅದರಡಿ ಬೆಳೆದ ಹೊಸ ಚರ್ಮಕ್ಕೂ ನಡುವೆ ದ್ರವ ಸೇರಿಕೊಳ್ಳುವುದರಿಂದ ಮೈಬಣ್ಣ ಮಂಕಾಗುತ್ತದೆ. ಹಾವಿಗೆ ರೆಪ್ಪೆಯಿಲ್ಲದೆ ಕಣ್ಣಿನ ಮೇಲೆ ಪಾರದರ್ಶಕ ಹುರುಪೆಯೊಂದಿರುವುದರಿಂದ ಅದೂ ಹಾಲುಬಿಳುಪಾಗುತ್ತದೆ. ಇದು ನಮ್ಮ ಹಿರಿಯರಿಗೆ ಬರುವ ಕಣ್ಣಿನ ಪೊರೆಯಲ್ಲ. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗಿ, ಅದಾದ ಮೇಲೆ ಪೊರೆ ಕಳಚುತ್ತದೆ. ಬೆಳೆಯುವ ಮರಿಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಹೀಗಾಗುವುದು ಸಹಜ; ಕಣ್ಣು ಮಂಜಾಗಿರುವಾಗ ಆಹಾರ ನಿರಾಕರಿಸುವುದೂ ಸಹಜ.

ಎಣ್ಣೆ ಬೇಡ, ಹನಿಯೂ ಬೇಡ. ಅಂಥ ಸಲಹೆ ಕೊಡುವವರು ಅರವತ್ತೆಪ್ಪತ್ತು ಗ್ರಾಂ ತೂಗುವ ಜೀವಿಗೆ ಹನಿಯ ಪ್ರಮಾಣವನ್ನು ಹೇಗೆ ಲೆಕ್ಕ ಹಾಕಿದರೋ ನನಗೆ ಅರ್ಥವಾಗಿಲ್ಲ. ಹೀಟರ್ ಉರಿಯುವ ಮನೆಯಲ್ಲಿ ಗಾಳಿ ಒಣಗಿ ಪೊರೆ ತುಂಡುತುಂಡಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಪೆಟ್ಟಿಗೆಯ ತೇವಾಂಶವನ್ನು ಶೇ 60ಕ್ಕಿಂತ ಮೇಲಿಟ್ಟು, ಒಳಗೆ ಒದ್ದೆ ಪಾಚಿ ತುಂಬಿದ ಸಣ್ಣ ಡಬ್ಬಿಯೊಂದನ್ನು ಅಡಗುತಾಣವಾಗಿ ಇಟ್ಟು, ಮರಿಯನ್ನು ಕೈಗೆತ್ತಿಕೊಳ್ಳುವುದನ್ನು ನಿಲ್ಲಿಸಿ. ಕಣ್ಣಿನ ಮೇಲೆ ಪೊರೆ ಉಳಿದುಬಿಟ್ಟರೆ ಚಿಮುಟ ಹಾಕಿ ಕೀಳಬೇಡಿ. ಹಾಗೆ ಕೀಳುವಾಗ ಕೆಳಗಿನ ಹುರುಪೆಯೂ ಕಿತ್ತುಬಂದರೆ ಕಣ್ಣೇ ಹೋಗಬಹುದು.

ಕಾಯಿಲೆಯ ಬಿಳಿಚು ಬೇರೆಯೇ. ಪೊರೆ ಕಳಚಿದ ಮೇಲೂ ಬಣ್ಣ ಮರಳದೆ, ಚರ್ಮ ಸುಕ್ಕಾಗಿ, ಬೆನ್ನೆಲುಬು ಎದ್ದು ಕಾಣುತ್ತಿದ್ದರೆ ಅನುಮಾನಪಡಬೇಕು. ಮರಿ ನೀರಿನ ಬಟ್ಟಲಲ್ಲೇ ಮಲಗಿರುತ್ತಿದ್ದರೆ ಒದ್ದೆಯಾದ ಬಿಳಿ ಟಿಶ್ಯೂವಿನಿಂದ ಅದರ ಮೈಯನ್ನು ಮೃದುವಾಗಿ ಒರೆಸಿ ನೋಡಿ: ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಅಂಟಿದರೆ ಅವು ರಕ್ತ ಹೀರುವ ನುಸಿಗಳು, ಮತ್ತು ಅವು ವಿಪರೀತವಾದಾಗ ಇಷ್ಟು ಚಿಕ್ಕ ಮರಿಗೆ ನಿಜವಾಗಿಯೂ ರಕ್ತಹೀನತೆ ಬರುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಒಸಡಿನ ಮೇಲೆ ಮೊಸರಿನಂಥ ಕೀವು, ಇವುಗಳಲ್ಲಿ ಯಾವುದು ಕಂಡರೂ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಅಂದೇ ಹೋಗಿ. ಬಾಯೊಳಗೆ ತಿಳಿಗುಲಾಬಿ ಮಾತ್ರ ಇದ್ದರೆ ಗಾಬರಿ ಬೇಡ. ಹಾವಿನ ಬಾಯಿ ನಮ್ಮದರಷ್ಟು ಕೆಂಪಾಗಿರುವುದಿಲ್ಲ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹತ್ತನೇ ಒಂದು ಭಾಗ ತೂಕ ಇಳಿದಿದ್ದರೆ ನಾನು ಕಾಯುವುದಿಲ್ಲ. ಅತಿಯಾದ ಎಚ್ಚರವೆಂದು ಸಹೋದ್ಯೋಗಿಗಳು ನಗುತ್ತಾರೆ, ನಗಲಿ.

ಪ್ರಶ್ನೆ: ನಮ್ಮ ಮರಿ ಹುಟ್ಟಿನಿಂದಲೇ ಬಿಳಿ. ಅದು ದುರ್ಬಲವೇ?

ಉತ್ತರ: ಅಲ್ಲ. ಕೆಂಪು ಕಣ್ಣು, ಬಿಳಿ ಮೈಯಲ್ಲಿ ಹಳದಿ ಪಟ್ಟೆಗಳಿದ್ದರೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಇಲ್ಲದ ಆಲ್ಬಿನೊ. ಅಚ್ಚಬಿಳಿ ಮೈಗೆ ನೀಲಿ ಅಥವಾ ಕಪ್ಪು ಕಣ್ಣಿದ್ದರೆ ಲ್ಯೂಸಿಸ್ಟಿಕ್, ಅಂದರೆ ಚರ್ಮದಲ್ಲಿ ಬಣ್ಣವಿಲ್ಲದಿದ್ದರೂ ಕಣ್ಣಿನಲ್ಲಿ ಬಣ್ಣ ಉಳಿದದ್ದು. ಆಲ್ಬಿನೊ ಮರಿಗೆ ಪ್ರಖರ ದೀಪ ಬೇಡ, ಅಷ್ಟೇ. ಸಾಕಣೆಯವರ ತಳಿಗಳಲ್ಲಿ ನಾನು ಬೇಡವೆನ್ನುವುದು ಸ್ಪೈಡರ್ ಒಂದನ್ನು: ಆ ಬಣ್ಣದ ವಂಶವಾಹಿಯ ಜೊತೆಗೇ ತಲೆ ಓಲಾಡಿಸುವ ದೋಷವೂ ಬರುತ್ತದೆ.

ಪ್ರಶ್ನೆ: ಶಕ್ತಿ ಬರಲು ಹಾಲು ಕೊಡಬಹುದೇ?

ಉತ್ತರ: ಹಾವು ಸಸ್ತನಿಯಲ್ಲ.

ಪ್ರಶ್ನೆ: ಊರಿನ ತೋಟದಲ್ಲಿ ಬಿಳಿ ನಾಗರಮರಿ ಸಿಕ್ಕಿದೆ. ಅದೃಷ್ಟವೆನ್ನುತ್ತಾರೆ, ಸಾಕಬಹುದೇ?

ಉತ್ತರ: ಮೊಟ್ಟೆಯೊಡೆದು ಬಂದ ದಿನದಿಂದಲೇ ಅದಕ್ಕೆ ವಿಷವಿದೆ, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಮುಟ್ಟದೆ ಅರಣ್ಯ ಇಲಾಖೆಗೆ ಫೋನ್ ಮಾಡಿ.