ವಿಶೇಷ ಸಂಚಿಕೆಯಲ್ಲಿ ಕಾಣದ ಹತ್ತಿ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಗದಗ ಜಿಲ್ಲೆಯನ್ನು ಕುರಿತ ನಮ್ಮ ವಿಶೇಷ ಸಂಚಿಕೆಯನ್ನು ಓದಿದ ರೋಣ ತಾಲ್ಲೂಕಿನ ಹಿರಿಯರೊಬ್ಬರು, ತಮ್ಮ ಹೆಸರನ್ನು ಅಚ್ಚು ಹಾಕಬಾರದೆಂಬ ಕೋರಿಕೆಯೊಂದಿಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ತಿರುಳಿಷ್ಟು: “ಸಂಚಿಕೆಯಲ್ಲಿ ಗುಡಿಗಳಿವೆ, ಕವಿಗಳಿದ್ದಾರೆ, ಗವಾಯಿಗಳಿದ್ದಾರೆ, ಹತ್ತಿ ಬೆಳೆದವನೂ ಇಲ್ಲ, ಅದನ್ನು ನೇಯ್ದವನೂ ಇಲ್ಲ, ಸಾಲ ತಂದು ತೀರಿಸಿದವನೂ ಇಲ್ಲ. ನಮ್ಮ ಅಜ್ಜ ಸೊಸೈಟಿಯ ಪಾಸ್‌ಬುಕ್ಕನ್ನು ದೇವರ ಜಗಲಿಯ ಮೇಲೆ ಇಡುತ್ತಿದ್ದ. ಗುಡಿ ಗುಂಡಾರಗಳ ವರ್ಣನೆಯಿಂದ ನಮ್ಮ ಹೊಟ್ಟೆ ತುಂಬಿಲ್ಲ. ನೆಲದ ಮೇಲೆ ನಿಮಗೆ ಗೌರವವಿದ್ದರೆ ಅದರ ಲೆಕ್ಕವನ್ನೂ ಬರೆಯಿರಿ.”

ಮಾನ್ಯರೇ,

ತಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದುವಾಗ ಸಮಜಾಯಿಷಿಯೊಂದನ್ನು ಹುಡುಕುತ್ತಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಎರಡನೆಯ ಸಲ ಸಂಚಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ ಅದು ಸಿಗಲಿಲ್ಲ. ಗದಗವನ್ನು ‘ಮುದ್ರಣ ಕಾಶಿ’ ಎಂದು ಕರೆಯುವುದನ್ನು ಕೇಳುತ್ತಲೇ ಬೆಳೆದ ನಾವು, ಆ ಊರಿನ ಅಚ್ಚುಕೂಟಗಳ ಬಗ್ಗೆಯೂ ಒಂದು ಸಾಲು ಬರೆದಿಲ್ಲ. ಕಾಗದ ಮಸಿಗಳನ್ನೇ ನಂಬಿ ಬದುಕುವವರಿಗೆ ಇದಕ್ಕಿಂತ ನಾಚಿಕೆಯ ಮರೆವು ಬೇರೊಂದಿಲ್ಲ.

ಹತ್ತಿಯ ವಿಷಯಕ್ಕೆ ಬರುತ್ತೇನೆ. ಗದಗದ ಸುತ್ತಲಿನ ಎರೆಭೂಮಿ ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದ ಮರುದಿನ ಚಪ್ಪಲಿಯನ್ನು ಕಾಲಿನಿಂದಲೇ ಕಿತ್ತುಕೊಳ್ಳುತ್ತದೆ. ಒಮ್ಮೆ ಕುಡಿದ ನೀರನ್ನು ತಿಂಗಳುಗಟ್ಟಲೆ ಬಿಡದ ಈ ಮಣ್ಣಿನ ಗುಣದಿಂದಲೇ ಇಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿಗಳು ಬರಿಯ ಇಬ್ಬನಿಯಲ್ಲಿ ಬೆಳೆದಂತೆ ಕಾಣುತ್ತವೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಾದಾಗ ಈ ಸೀಮೆಯ ಅರಳೆಗೆ ಬಂದ ಬೆಲೆ, ಯುದ್ಧ ಮುಗಿದೊಡನೆ ಇಳಿಯಿತು. ಆದರೆ ಆ ಬೆಲೆಯನ್ನು ನಂಬಿ ತಂದ ಸಾಲ ಇಳಿಯಲಿಲ್ಲ. ಅದರ ಬೆನ್ನಿಗೇ 1876ರ ಬರಗಾಲ ಬಂದು, 1878ರವರೆಗೆ ಬಯಲುಸೀಮೆಯನ್ನು ಸುಟ್ಟಿತು. ಕುಮಟಾ ಬಂದರಿಗೆ ಘಟ್ಟ ಇಳಿಯುತ್ತಿದ್ದ ಹತ್ತಿಗಾಡಿಗಳ ಕಥೆಯನ್ನು ನಾವು ಹೇಳಬೇಕಾಗಿತ್ತು. ಆ ಗಾಡಿಯ ಹಿಂದೆಯೇ ಊರಿಗೆ ಮರಳುತ್ತಿದ್ದ ಸಾಹುಕಾರನ ಬಡ್ಡಿಯ ಕಥೆಯನ್ನೂ ಹೇಳಬೇಕಾಗಿತ್ತು.

ಇಷ್ಟು ಹಿನ್ನೆಲೆಯಿಟ್ಟುಕೊಂಡರೆ ತಮ್ಮ ಅಜ್ಜನವರ ಪಾಸ್‌ಬುಕ್ಕು ದೇವರ ಜಗಲಿ ಏರಿದ್ದು ಏಕೆಂದು ತಿಳಿಯುತ್ತದೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ, ದೇಶದ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ನಮ್ಮ ಸಂಚಿಕೆ ಇದನ್ನು ಚೌಕಟ್ಟಿನೊಳಗಿನ ಮೂರು ಸಾಲುಗಳಲ್ಲಿ, ಹೆಮ್ಮೆಯ ಸಂಗತಿಯೆಂದು ಹೇಳಿ ಮುಗಿಸಿತು. ಹೇಳದೆ ಬಿಟ್ಟದ್ದು ಅದರ ಒಳಗಿನ ಕೆಲಸ. ಆ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆಯಿತ್ತು. ಎಂದರೆ, ಸಂಘ ಮಾಡಿದ ಸಾಲ ತೀರದೆ ಹೋದರೆ ಅದರ ಭಾರ ಸದಸ್ಯರೆಲ್ಲರ ಹೊಲಮನೆಗಳ ಮೇಲೂ ಬೀಳುತ್ತಿತ್ತು. ಹಾಗಾಗಿ ಯಾರಿಗೆ ಎಷ್ಟು ಕೊಡಬೇಕೆಂಬ ತೀರ್ಮಾನದ ಹಿಂದೆ, ಅವನ ಎತ್ತು ಎಂಥವು, ಮಗಳ ಮದುವೆಗೆ ಕೇಳುತ್ತಿದ್ದಾನೋ ಬಿತ್ತನೆಗೆ ಕೇಳುತ್ತಿದ್ದಾನೋ, ಹೋದ ಸುಗ್ಗಿಯಲ್ಲಿ ಮಾತು ಉಳಿಸಿಕೊಂಡನೋ ಇಲ್ಲವೋ ಎಂಬುದನ್ನೆಲ್ಲ ಬಲ್ಲ ನೆರೆಯವರು ಇರುತ್ತಿದ್ದರು. ಸಾಹುಕಾರನಿಗೂ ಇದೆಲ್ಲ ಗೊತ್ತಿತ್ತು, ನಿಜ. ಆದರೆ ಅವನು ಆ ಅರಿವನ್ನು ಹೊಲ ಬರೆಸಿಕೊಳ್ಳಲು ಬಳಸಿದ, ಸಂಘ ಅದನ್ನು ಹೊಲ ಉಳಿಸಲು ಬಳಸಿತು. ಹುಲಕೋಟಿಯಲ್ಲಿ ಹತ್ತಿ ಬೆಳೆಗಾರರ ಸಹಕಾರಿ ನೂಲಿನ ಗಿರಣಿ ಎದ್ದುನಿಂತದ್ದಕ್ಕೂ ಈ ರೂಢಿಯೇ ಬುನಾದಿ ಎಂದು ನಾನು ಭಾವಿಸುತ್ತೇನೆ.

ಒಂದು ಮಾತಿನಲ್ಲಿ ಮಾತ್ರ ತಮ್ಮೊಂದಿಗೆ ನನಗೆ ಸಹಮತವಿಲ್ಲ. ಗುಡಿಗಳನ್ನು ಬರೆದದ್ದು ತಪ್ಪಲ್ಲ. ಗುಡಿಗಳ ಶಾಸನಗಳನ್ನು ಓದದೆ ಬರಿಯ ಕಂಬಗಳ ನುಣುಪನ್ನು ಬಣ್ಣಿಸಿದ್ದು ತಪ್ಪು. ತಾವು ಕೇಳುವ ಲೆಕ್ಕ ಅಲ್ಲಿಯೇ ಇದೆ. ಡಂಬಳದಲ್ಲಿ ದೊರೆತಿರುವ 1095ರ ಶಾಸನವು ಬೌದ್ಧ ದೇವತೆ ತಾರೆಗೆ ಸಲ್ಲಿಸಿದ ದತ್ತಿಯನ್ನು ಹೇಳುವಾಗ, ಅಲ್ಲಿನ ವಿಹಾರವನ್ನು ಕಟ್ಟಿಸಿದವರು ಹದಿನಾರು ಮಂದಿ ಸೆಟ್ಟಿಗಳೆಂದು ತಿಳಿಸುತ್ತದೆ. ಲಕ್ಕುಂಡಿ ಟಂಕಸಾಲೆಯ ಊರು. ಲೊಕ್ಕಿ ಗದ್ಯಾಣವೆಂಬ ನಾಣ್ಯದ ಹೆಸರಿನಲ್ಲಿಯೇ ಆ ಊರು ಉಳಿದುಕೊಂಡಿದೆ. ಅದೇ ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಕಾವ್ಯವೊಂದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ಭಕ್ತಿಯಿಂದ ಅಚ್ಚು ಹಾಕಿದೆವು. ಸಾವಿರ ಪ್ರತಿಗೆ ಎಷ್ಟು ಹೊರೆ ತಾಳೆಗರಿ ಬೇಕು, ಎಷ್ಟು ಲಿಪಿಕಾರರಿಗೆ ಎಷ್ಟು ತಿಂಗಳು ಊಟ ಹಾಕಬೇಕು ಎಂದು ಒಬ್ಬ ಸಂಪಾದಕನಿಗಾದರೂ ಹೊಳೆಯಬೇಕಾಗಿತ್ತು, ನನಗೆ ಹೊಳೆಯಲಿಲ್ಲ.

ತಾವು ಪತ್ರದ ಕೊನೆಗೆ ಒಂದೇ ವಾಕ್ಯದಲ್ಲಿ ಎತ್ತಿರುವ ನರಗುಂದದ ಮಾತು ಉಳಿದೆಲ್ಲಕ್ಕಿಂತ ಭಾರವಾದದ್ದು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ನರಗುಂದದ ಬಾಬಾಸಾಹೇಬನಿಗೆ ನಾವು ಎರಡು ಪುಟ ಕೊಟ್ಟೆವು; 1980ರ ಜುಲೈ 21ಕ್ಕೆ ಒಂದು ಪ್ಯಾರಾವನ್ನೂ ಕೊಡಲಿಲ್ಲ. ಮಲಪ್ರಭೆಯ ಕಾಲುವೆ ಬಂದಿತೆಂಬ ಕಾರಣಕ್ಕೆ ರೈತರ ಮೇಲೆ ಅಭಿವೃದ್ಧಿ ಕರ ಹೇರಿದರು. ಎಷ್ಟೋ ಹೊಲಗಳಿಗೆ ನೀರು ತಲುಪಿರಲಿಲ್ಲ, ಹತ್ತಿಯ ಬೆಲೆ ಬಿದ್ದಿತ್ತು, ವಸೂಲಿ ಮಾತ್ರ ನಿಂತಿರಲಿಲ್ಲ. ಆ ದಿನ ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು, ಅದರ ಕಾವಿನಲ್ಲಿ ರಾಜ್ಯದ ರೈತ ಚಳವಳಿಯೇ ಹೊಸದಾಗಿ ಎರಕಗೊಂಡಿತು. ನರಗುಂದದ ರೈತರು ಅಲ್ಲಿ ನಿಲ್ಲಿಸಿದ ಸ್ಮಾರಕವನ್ನು ‘ವೀರಗಲ್ಲು’ ಎಂದೇ ಕರೆಯುತ್ತಾರೆ. ಪ್ರತಿ ಜುಲೈ 21ರಂದು ಅದಕ್ಕೆ ಹಾರ ಬೀಳುತ್ತದೆ, ಮಹದಾಯಿ ನೀರಿಗಾಗಿ 2015ರಲ್ಲಿ ಶುರುವಾದ ಧರಣಿಯೂ ಅದೇ ಊರಿನದು. ಬೆಟಗೇರಿಯ ಹಳೆಯ ವೀರಗಲ್ಲುಗಳ ಚಿತ್ರಗಳನ್ನು ನಾವು ಮುಖಪುಟಕ್ಕೆ ಹಾಕಿದ್ದೆವು. ಹೊಸ ವೀರಗಲ್ಲು ನಮ್ಮ ಕಣ್ಣಿಗೆ ಬೀಳಲಿಲ್ಲ. ಇದು ಪುಟಗಳ ಕೊರತೆಯಿಂದ ಆದದ್ದಲ್ಲ. ಜೀವಂತವಿರುವ ಜಗಳವನ್ನು ಚರಿತ್ರೆಯೆಂದು ಬರೆಯಲು ನಾವು ಹಿಂಜರಿದೆವು.

ನೇಕಾರರ ವಿಷಯದಲ್ಲಿ ತಮ್ಮ ದೂರು ಪೂರ್ತಿ ಸರಿ. ಬೆಟಗೇರಿ, ಗಜೇಂದ್ರಗಡಗಳ ಮಗ್ಗಗಳನ್ನು ಅವಸರದ ನಾಲ್ಕು ಮಾತುಗಳಲ್ಲಿ ಮುಗಿಸುವ ಬದಲು ಪ್ರತ್ಯೇಕ ಲೇಖನವನ್ನೇ ಬರೆಯಿಸುತ್ತೇವೆ.

ಮುಂದಿನ ಸಂಚಿಕೆಯಲ್ಲಿ ಕಣಗಿನಹಾಳ ಮತ್ತು ನರಗುಂದಗಳಿಗಾಗಿ ಹನ್ನೆರಡು ಪುಟಗಳನ್ನು ತೆಗೆದಿರಿಸಿದ್ದೇನೆ. ತಮ್ಮ ಅಜ್ಜನವರ ಪಾಸ್‌ಬುಕ್ಕು ಈಗಲೂ ಮನೆಯಲ್ಲಿದೆ ಎಂದು ಬರೆದಿದ್ದೀರಿ. ಮೂಲವನ್ನು ಅಂಚೆಗೆ ಹಾಕಬೇಡಿ. ಮೊದಲ ಪುಟ, ಸಾಲ ತೀರಿದ ದಿನದ ಪುಟ, ಹಾಗೂ ಅಜ್ಜನವರು ಅಂಚಿನಲ್ಲಿ ತಮ್ಮ ಕೈಯಾರೆ ಮಳೆಯ ಲೆಕ್ಕ ಬರೆದಿಟ್ಟಿದ್ದಾರೆಂದು ತಾವು ಹೇಳಿದ ಪುಟ, ಈ ಮೂರರ ಚಿತ್ರಗಳು ತಿಂಗಳ ಇಪ್ಪತ್ತರೊಳಗೆ ಕೈಸೇರಿದರೆ, ಅವುಗಳನ್ನು ಚಿಕ್ಕದಾಗಿಸದೆ ಇದ್ದ ಅಳತೆಯಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ